ನೇಯುವುದು, ನೇಯಲು

ಮೊಳಕಾಲ್ಮುರು ರೇಷ್ಮೆ ಸೀರೆಗೆ, ಚಳ್ಳಕೆರೆ ಕುರಿ ಉಣ್ಣೆಯ ಕಂಬಳಿಗೆ ಹೆಸರಾದ ಊರುಗಳು. ಎರಡಕ್ಕೂ ಬೇಕಾದ ಕ್ರಿಯಾಪದ ಒಂದೇ: ನೇಯು. ಹಳಗನ್ನಡದಲ್ಲಿ ಇದು ‘ನೆಯ್’. ತಮಿಳಿನಲ್ಲಿ ಇಂದಿಗೂ ‘ನೆಯ್’, ಗಡಿಯಾಚೆಯ ತೆಲುಗಿನಲ್ಲಿ ‘ನೇಯು’.

ಈ ಧಾತುವಿನ ಎರಡು ರೂಪಗಳನ್ನು ಗಮನಿಸಿ. ‘ನೇಯುವ’ ಎಂಬುದಕ್ಕೆ ‘ಉದು’ ಸೇರಿದರೆ ‘ನೇಯುವುದು’. ಇದು ಕೆಲಸದ ಹೆಸರು. ಹಳೆಯ ‘ಅಲ್’ ಪ್ರತ್ಯಯದಿಂದ ಬಂದದ್ದು ‘ನೇಯಲು’. ಇದು ಕೆಲಸದ ಗುರಿ. ಆಡುಮಾತಿನಲ್ಲಿ ಇವೇ ‘ನೇಯೋದು’, ‘ನೇಯಾಕೆ’.

ಇಂಗ್ಲಿಷಿನ ‘ಇಂಗ್’ ಮತ್ತು ‘ಟು’ ರೂಪಗಳಲ್ಲಿ ತಡವರಿಸುವ ನಮ್ಮ ಮಕ್ಕಳಿಗೆ ಈ ಜೋಡಿ ಒಳ್ಳೆಯ ಆಸರೆ. ನೇಯುವುದನ್ನು ಮುಗಿಸುತ್ತೇವೆ, ತಪ್ಪಿಸುತ್ತೇವೆ. ‘ಫಿನಿಷ್’, ‘ಅವಾಯ್ಡ್’ಗಳ ಮುಂದೆ ‘ವೀವಿಂಗ್’ ಬರುತ್ತದೆ. ನೇಯಲು ನಿರ್ಧರಿಸುತ್ತೇವೆ, ಒಪ್ಪುತ್ತೇವೆ. ‘ಡಿಸೈಡ್’, ‘ಅಗ್ರೀ’ಗಳ ಮುಂದೆ ‘ಟು ವೀವ್’. ‘ಸ್ಟಾಪ್ಡ್ ವೀವಿಂಗ್’ ಎಂದರೆ ನೇಯುವುದನ್ನು ನಿಲ್ಲಿಸಿದಳು. ‘ಸ್ಟಾಪ್ಡ್ ಟು ವೀವ್’ ಎಂದರೆ ನೇಯಲೆಂದು ಬೇರೆ ಕೆಲಸ ನಿಲ್ಲಿಸಿದಳು.

‘ರಿಮೆಂಬರ್’ ಬಂದಾಗ ಕನ್ನಡ ಇನ್ನೂ ಸ್ಪಷ್ಟ. ‘ಲಾಳಿಗೆ ನೂಲು ಹಾಕಿದ್ದು ನೆನಪಿದೆ’ ಎಂದರೆ ಕೆಲಸ ಆಗಿದೆ, ಅಲ್ಲಿ ‘ಇಂಗ್’. ‘ಹಾಕಲು ನೆನಪಿರಲಿ’ ಎಂದರೆ ಇನ್ನೂ ಆಗಬೇಕು, ಅಲ್ಲಿ ‘ಟು’. ಕಾಲವನ್ನು ‘ಹಾಕುವುದು’, ‘ಹಾಕಿದ್ದು’ ಎಂದು ನಾಮರೂಪದಲ್ಲೇ ತೋರಿಸುವ ಶಕ್ತಿ ನಮ್ಮದು.

ಹೋಲಿಕೆ ಎಲ್ಲ ಕಡೆಯೂ ನಡೆಯದು. ‘ನೇಯಲು ಇಷ್ಟ’ ಎಂದು ನಾವು ಅನ್ನಬಹುದು, ಆದರೆ ‘ಎಂಜಾಯ್’ ‘ಇಂಗ್’ ಅನ್ನೇ ಬೇಡುತ್ತದೆ. ಅಂಥ ಕೆಲವನ್ನು ಬಾಯಿಪಾಠ ಮಾಡಬೇಕು. ಉಳಿದವಕ್ಕೆ ಮನೆಮಾತೇ ಮೊದಲ ವ್ಯಾಕರಣ.