ಹಸೆಮಣೆಯಿಂದ ಮಂತ್ರ ಮಾಂಗಲ್ಯದವರೆಗೆ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಅಮೆರಿಕಕ್ಕೆ ಬಂದು ನೆಲೆಸಿದ ನಮ್ಮ ತಲೆಮಾರಿನವರು ಮೊದಲನೆಯ ಕೆಲಸವನ್ನು ಬ್ಯಾಂಕಿನ ಸಾಲದ ನೆರವಿನಿಂದ ಹೇಗೋ ಮುಗಿಸಿದ್ದೇವೆ. ಈಗ ಎರಡನೆಯದರ ಸರದಿ. ಆದರೆ ಇಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳು ತಮ್ಮ ಮದುವೆ ತಮ್ಮದೇ ರೀತಿಯಲ್ಲಿ ನಡೆಯಬೇಕೆಂದು ಬಯಸುತ್ತಾರೆ. ಕಾಶೀಯಾತ್ರೆ ಇರಲಿ, ಆದರೆ ಕನ್ಯಾದಾನ ಎಂಬ ಮಾತು ಬೇಡ. ಸಪ್ತಪದಿ ಇರಲಿ, ಆದರೆ ಅರ್ಥ ತಿಳಿಯಬೇಕು. ಪ್ರತಿಜ್ಞಾವಚನಗಳನ್ನು ನಾವೇ ಬರೆಯುತ್ತೇವೆ ಎನ್ನುತ್ತಾರೆ. ಹೆತ್ತವರು ‘ಹಾಗಾದರೆ ಸಂಪ್ರದಾಯದ ಗತಿಯೇನು?’ ಎಂದು ತಲ್ಲಣಿಸುತ್ತಾರೆ. ಮುಂದಿನ ವರ್ಷ ಮಗಳ ಮದುವೆಯನ್ನು ನಡೆಸಬೇಕಾದ ನಮ್ಮ ಮನೆಯಲ್ಲಿಯೂ ಈ ಚರ್ಚೆ ಊಟದ ಮೇಜಿನ ಮೇಲೆ ನಿತ್ಯವೂ ನಡೆಯುತ್ತಿದೆ. ಪದವಿ ತರಗತಿಯಲ್ಲಿ ಇತಿಹಾಸವನ್ನು ಓದಿದ ನಾನು, ಈ ನೆಪದಿಂದ ಹಳೆಯ ಪುಸ್ತಕಗಳನ್ನು ಮತ್ತೆ ತೆರೆದೆ. ನಾವು ಸಂಪ್ರದಾಯವೆಂದು ಕರೆಯುವುದು ಎಂದೂ ನಿಂತ ನೀರಾಗಿರಲಿಲ್ಲ ಎಂಬುದು ನನಗೆ ಅಲ್ಲಿ ದೊರೆತ ಉತ್ತರ.

ಪ್ರಾಚೀನ ಗ್ರಂಥಗಳಿಂದಲೇ ಆರಂಭಿಸೋಣ. ಋಗ್ವೇದದ ಹತ್ತನೆಯ ಮಂಡಲದಲ್ಲಿರುವ ವಿವಾಹಸೂಕ್ತದ ಋಷಿ ಸೂರ್ಯಾ ಸಾವಿತ್ರಿ ಎಂಬ ಹೆಣ್ಣು. ಇಂದಿಗೂ ಪಾಣಿಗ್ರಹಣದ ಸಮಯದಲ್ಲಿ ಹೇಳುವ ಮಂತ್ರ ಆ ಸೂಕ್ತದ್ದೇ. ಆಶ್ವಲಾಯನ ಗೃಹ್ಯಸೂತ್ರವು ವಿವಾಹದ ವಿಧಿಗಳನ್ನು ಹೇಳುವ ಮೊದಲೇ, ನಾಡುನಾಡಿನ, ಊರೂರಿನ ಆಚಾರಗಳು ನಾನಾ ಬಗೆಯವೆಂದೂ ಮದುವೆಯಲ್ಲಿ ಅವುಗಳನ್ನು ಗೌರವಿಸಬೇಕೆಂದೂ ತಿಳಿಸುತ್ತದೆ. ಆಪಸ್ತಂಬರಂತೂ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕೆಲವು ಆಚರಣೆಗಳನ್ನು ಹೆಂಗಸರಿಂದಲೇ ಕೇಳಿ ತಿಳಿಯಬೇಕೆನ್ನುತ್ತಾರೆ. ಅಡುಗೆಮನೆಯ ಬಾಗಿಲಲ್ಲಿ ನಿಂತು ‘ಅದು ಹಾಗಲ್ಲ ಪುರೋಹಿತರೇ’ ಎನ್ನುವ ನಮ್ಮ ಅಜ್ಜಿಯರಿಗೆ ಶಾಸ್ತ್ರದ ಬೆಂಬಲವೇ ಇತ್ತೆಂದಾಯಿತು! ನಾವು ಮದುವೆಯ ಜೀವಾಳವೆಂದು ಭಾವಿಸುವ ಮಾಂಗಲ್ಯಧಾರಣೆಯ ಪ್ರಸ್ತಾಪ ಈ ಗೃಹ್ಯಸೂತ್ರಗಳಲ್ಲಿ ಇಲ್ಲವೆಂಬುದನ್ನೂ ಗಮನಿಸಬೇಕು. ಅದು ಮುಂದಿನ ಕಾಲದಲ್ಲಿ ಬಂದು ಸೇರಿದ ಆಚಾರ. ಒಂದು ಕಾಲದ ಹೊಸತು ಇನ್ನೊಂದು ಕಾಲದ ಸಂಪ್ರದಾಯವಾಗುವುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕೆ?

ಇನ್ನು ನಮ್ಮ ಕನ್ನಡ ನಾಡನ್ನೇ ನೋಡಿದರೆ, ‘ಕನ್ನಡಿಗರ ಮದುವೆ’ ಎಂಬ ಒಂದೇ ಒಂದು ಮಾದರಿ ಎಲ್ಲಿಯೂ ಕಾಣುವುದಿಲ್ಲ. ಕೊಡವರ ಮದುವೆಯಲ್ಲಿ ಹೋಮಾಗ್ನಿಯೂ ಇಲ್ಲ, ಪುರೋಹಿತರೂ ಇಲ್ಲ. ದೀಪದ ಮುಂದೆ ಹಿರಿಯರು ಅಕ್ಕಿ ಹಾಕಿ ಹರಸುವುದೇ ಅಲ್ಲಿ ಮುಖ್ಯ. ತುಳುನಾಡಿನಲ್ಲಿ ವಧೂವರರ ಕೂಡಿದ ಕೈಗಳ ಮೇಲೆ ನೀರೆರೆಯುವ ಧಾರೆಯೇ ಮದುವೆಯ ಮುಖ್ಯ ಘಟ್ಟ. ಹಳೆಯ ಮೈಸೂರಿನ ಕಡೆ ಅಂತರಪಟ ಸರಿದೊಡನೆ ಗಂಡು ಹೆಣ್ಣು ಪರಸ್ಪರರ ತಲೆಯ ಮೇಲೆ ಜೀರಿಗೆ ಬೆಲ್ಲವನ್ನು ಹಾಕುತ್ತಾರೆ. ಮಲೆನಾಡಿನ ದೀವರ ಮನೆಗಳಲ್ಲಿ ಹೆಂಗಸರು ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ, ಪುಂಡಿ ನಾರಿನ ಕುಂಚದಿಂದ ಹಸೆ ಚಿತ್ತಾರವನ್ನು ಬರೆಯುತ್ತಾರೆ. ಆ ಚಿತ್ತಾರದ ಮುಂದೆ ವಧೂವರರನ್ನು ಕೂರಿಸಿ ಹಾಡು ಹೇಳುತ್ತಾರೆ. ಯಾವ ಅಂಗಡಿಯಲ್ಲಿಯೂ ದೊರೆಯದ, ಆ ಮನೆಗೇ ಆ ಮದುವೆಗೇ ಮೀಸಲಾದ ಅಲಂಕಾರವದು. ಸೋಬಾನೆ ಪದಗಳೂ ಹಾಗೆಯೇ. ಬೀಗರ ಹೆಸರು, ಊರು, ಗಂಡಿನ ಗತ್ತು, ಹೆಣ್ಣಿನ ಬೆಡಗು ಎಲ್ಲವನ್ನೂ ಹಾಡುವವರು ಆಯಾ ಮದುವೆಗೆ ತಕ್ಕಂತೆ ಪೋಣಿಸುತ್ತಿದ್ದರು. ವೈಯಕ್ತಿಕ ಸ್ಪರ್ಶವಿರುವ ಮದುವೆ ಎಂದು ನಮ್ಮ ಮಕ್ಕಳು ಇಂದು ಕರೆಯುವುದನ್ನು ನಮ್ಮ ಹಳ್ಳಿಯ ಹೆಂಗಸರು ಹೆಸರಿಲ್ಲದೆಯೇ ಮಾಡುತ್ತಿದ್ದರು.

ಆದರೆ ಮದುವೆಯ ಇತಿಹಾಸ ಹಾಡು ಹಸೆಗಳ ಇತಿಹಾಸ ಮಾತ್ರವಲ್ಲ. ಯಾರು ಯಾರನ್ನು ವರಿಸಬಹುದು, ಹೆಣ್ಣಿಗೆ ಅದರಲ್ಲಿ ಮಾತಿದೆಯೇ ಎಂಬ ಪ್ರಶ್ನೆಗಾಗಿ ರಕ್ತವೂ ಹರಿದಿದೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ನಡೆದ ಮದುವೆಗಾಗಿ ತಂದೆಯರಿಬ್ಬರೂ ಪ್ರಾಣ ತೆತ್ತರೆಂದು ಶರಣ ಪರಂಪರೆ ನೆನೆಯುತ್ತದೆ. ಗಿರೀಶ ಕಾರ್ನಾಡರು 1990ರಲ್ಲಿ ‘ತಲೆದಂಡ’ ನಾಟಕವನ್ನು ಹೊರತಂದಾಗ ಈ ಪ್ರಶ್ನೆ ಹಳೆಯದಾಗಿರಲಿಲ್ಲ, ಇಂದಿಗೂ ಆಗಿಲ್ಲ.

ಮೈಸೂರು ಸಂಸ್ಥಾನವು 1894ರಲ್ಲಿ ಎಂಟು ವರ್ಷ ತುಂಬದ ಹೆಣ್ಣುಮಕ್ಕಳ ಮದುವೆಯನ್ನೂ, ಹದಿನಾಲ್ಕು ತುಂಬದ ಬಾಲೆಯನ್ನು ಐವತ್ತು ದಾಟಿದವನಿಗೆ ಕೊಡುವುದನ್ನೂ ನಿಷೇಧಿಸಿತು. ಎಂಟು ವರ್ಷವೆಂಬುದೇ ಆಗ ಸುಧಾರಣೆಯೆನಿಸಿತ್ತು ಎಂದರೆ ನಮ್ಮ ಮುತ್ತಜ್ಜಿಯರ ಪಾಡನ್ನು ಊಹಿಸಬಹುದು. 1872ರ ವಿಶೇಷ ವಿವಾಹ ಕಾಯಿದೆಯ ಪ್ರಕಾರ ಮದುವೆಯಾಗುವವರು ತಾವು ಹಿಂದೂ ಮೊದಲಾದ ಧರ್ಮಗಳಿಗೆ ಸೇರಿದವರಲ್ಲವೆಂದು ಘೋಷಿಸಬೇಕಾಗಿತ್ತು. ಧರ್ಮವನ್ನು ಬಿಡದೆಯೇ ಬೇರೆ ಧರ್ಮದವರನ್ನು ಮದುವೆಯಾಗಲು ದಾರಿ ತೆರೆದದ್ದು 1954ರ ಕಾಯಿದೆ. ಮರುವರ್ಷ ಬಂದ ಹಿಂದೂ ವಿವಾಹ ಕಾಯಿದೆಯು ವಧೂವರರಲ್ಲಿ ಯಾರೊಬ್ಬರ ಕಡೆಯ ರೂಢಿಯಂತೆ ಮದುವೆ ನಡೆದರೂ ಸಾಕೆಂದಿತು. ನೆರೆಯ ತಮಿಳುನಾಡಿನಲ್ಲಿ ಪುರೋಹಿತರಿಲ್ಲದೆ ನಡೆಯುವ ಸ್ವಾಭಿಮಾನದ ಮದುವೆಗಳಿಗೆ 1967ರ ತಿದ್ದುಪಡಿಯಿಂದ ಕಾನೂನಿನ ಮಾನ್ಯತೆ ದೊರೆಯಿತು.

ಈ ಹಿನ್ನೆಲೆಯಲ್ಲಿ ನಾವು ಹೆಮ್ಮೆಯಿಂದ ನೆನೆಯಬೇಕಾದದ್ದು ಕುವೆಂಪು ಅವರು ಕೊಟ್ಟ ‘ಮಂತ್ರ ಮಾಂಗಲ್ಯ’ವನ್ನು. 1966ರಲ್ಲಿ ಅವರ ಮಗ ಪೂರ್ಣಚಂದ್ರ ತೇಜಸ್ವಿ ಮತ್ತು ರಾಜೇಶ್ವರಿ ಅವರ ವಿವಾಹ ಮೂಡಿಗೆರೆಯ ಬಳಿಯ ಚಿತ್ರಕೂಟ ತೋಟದಲ್ಲಿ ಈ ಪದ್ಧತಿಯಂತೆ ನಡೆಯಿತು. ವರದಕ್ಷಿಣೆ, ಜಾತಕ, ರಾಹುಕಾಲ, ವಾದ್ಯದ ಅಬ್ಬರ, ದುಂದುವೆಚ್ಚ ಇವಾವುದಕ್ಕೂ ಇಲ್ಲಿ ಎಡೆಯಿಲ್ಲ. ಆದರೆ ಮಂತ್ರಕ್ಕೆ ಎಡೆಯಿದೆ. ವೇದೋಪನಿಷತ್ತುಗಳಿಂದ ಆಯ್ದ ಮಂತ್ರಗಳನ್ನು ಕನ್ನಡದ ಅರ್ಥದೊಡನೆ ಎಲ್ಲರಿಗೂ ಕೇಳುವಂತೆ ಓದಲಾಗುತ್ತದೆ. ವಧೂವರರು ಜಾತಿ ಮತಗಳ ಕಟ್ಟಿನಿಂದ ತಾವು ಬಿಡುಗಡೆ ಹೊಂದಿದವರೆಂದು ಸಾರುತ್ತಾರೆ. ಪರಂಪರೆಯನ್ನು ಬಿಸುಡುವುದಲ್ಲ, ಅದರಲ್ಲಿನ ಕಾಳನ್ನು ಉಳಿಸಿಕೊಂಡು ಜೊಳ್ಳನ್ನು ತೂರುವುದು ಕವಿಯ ಉದ್ದೇಶವಾಗಿತ್ತು. ಅರ್ಧ ಶತಮಾನಕ್ಕೂ ಮಿಗಿಲಾಗಿ ಕರ್ನಾಟಕದ ಊರೂರುಗಳಲ್ಲಿ ತರುಣ ತರುಣಿಯರು ಈ ದಾರಿಯನ್ನು ಆರಿಸಿಕೊಂಡಿದ್ದಾರೆ. ಬಡವರ ಹೊರೆಯನ್ನು ಇಳಿಸುವ ಇನ್ನೊಂದು ದಾರಿಯೆಂದರೆ ಸಾಮೂಹಿಕ ವಿವಾಹ. ಧರ್ಮಸ್ಥಳದಲ್ಲಿ 1972ರಲ್ಲಿ ಶ್ರೀ ವೀರೇಂದ್ರ ಹೆಗ್ಗಡೆಯವರು ಆರಂಭಿಸಿದ ಈ ಕಾರ್ಯದಲ್ಲಿ ಈವರೆಗೆ ಹತ್ತು ಸಾವಿರಕ್ಕೂ ಹೆಚ್ಚು ಜೋಡಿಗಳು ಗೃಹಸ್ಥರಾಗಿದ್ದಾರೆ.

ಚಿತ್ರಕೂಟದ ಮದುವೆಯ ಮರುವರ್ಷ, 1967ರ ಜೂನ್ 12ರಂದು, ನಾವಿಂದು ಬಾಳುತ್ತಿರುವ ಈ ದೇಶದ ಸರ್ವೋಚ್ಚ ನ್ಯಾಯಾಲಯವು ಬಿಳಿಯರು ಬೇರೆ ವರ್ಣದವರನ್ನು ಮದುವೆಯಾಗುವುದನ್ನು ತಡೆಯುತ್ತಿದ್ದ ರಾಜ್ಯಗಳ ಕಾನೂನುಗಳನ್ನು ತೊಡೆದುಹಾಕಿತು. ಅದಕ್ಕೆ ಎರಡು ವರ್ಷ ಮೊದಲು, 1965ರಲ್ಲಿ, ವಲಸೆಯ ಹೊಸ ಕಾಯಿದೆ ನಮ್ಮವರಿಗೆ ಇಲ್ಲಿಯ ಬಾಗಿಲನ್ನು ತೆರೆದಿತ್ತು. ಆ ಎರಡು ನಿರ್ಧಾರಗಳ ಫಲವನ್ನು ಇಂದು ನಮ್ಮ ಮಂಟಪಗಳಲ್ಲಿ ಕಾಣುತ್ತಿದ್ದೇವೆ. ಅಳಿಯನ ಮನೆಮಾತು ಗುಜರಾತಿಯಾಗಿರಬಹುದು, ಸೊಸೆ ಐರಿಷ್ ಮೂಲದವಳಿರಬಹುದು. ಮುಹೂರ್ತಕ್ಕೆ ಶನಿವಾರವೇ ಆಗಬೇಕು. ಹೋಮಕ್ಕೆ ಹೋಟೆಲಿನವರ ಒಪ್ಪಿಗೆ ಬೇಕು, ಇಲ್ಲವಾದರೆ ಮಂತ್ರದ ನಡುವೆ ಬೆಂಕಿಯ ಎಚ್ಚರಿಕೆಯ ಗಂಟೆ ಮೊಳಗೀತು! ಮದುವೆಯ ಸರ್ಕಾರಿ ಪರವಾನಗಿಯನ್ನು ಮೊದಲೇ ಪಡೆದಿರಬೇಕು. ಇಷ್ಟೆಲ್ಲ ಬದಲಾವಣೆಗಳನ್ನು ನಾವು ಅನಿವಾರ್ಯವೆಂದು ಒಪ್ಪಿದ್ದೇವೆ. ಹಾಗಿರುವಾಗ ಮಕ್ಕಳು ಅರ್ಥಕ್ಕಾಗಿ, ಸಮಾನತೆಗಾಗಿ ಕೇಳುವ ಬದಲಾವಣೆಗಳಿಗೆ ಮಾತ್ರ ಮುಖ ಗಂಟಿಕ್ಕುವುದು ಎಷ್ಟು ನ್ಯಾಯ?

ಹಾಗೆಂದು ಕೇಳಿದ್ದೆಲ್ಲಕ್ಕೂ ತಲೆದೂಗಬೇಕೆಂದು ನಾನು ಹೇಳುವುದಿಲ್ಲ. ಬಿಡುವ ಮೊದಲು ಬಿಡುತ್ತಿರುವುದು ಏನೆಂದು ತಿಳಿಯಬೇಕು, ಉಳಿಸುವಾಗಲೂ ಅಷ್ಟೆ. ಸಪ್ತಪದಿಯನ್ನೇ ತೆಗೆದುಕೊಳ್ಳಿ. ಅನ್ನ, ಬಲ, ಸಂಪತ್ತು, ಸುಖ, ಸಂತಾನ, ಋತುಗಳು ಎಂದು ಆರು ಹೆಜ್ಜೆ ನಡೆದು, ಏಳನೆಯ ಹೆಜ್ಜೆಯಲ್ಲಿ ಗಂಡು ಹೆಣ್ಣು ಸಖರಾಗುತ್ತಾರೆ. ಒಡೆಯ ಮತ್ತು ದಾಸಿಯಾಗುವುದಿಲ್ಲ, ಸಖರಾಗುತ್ತಾರೆ! ನಮ್ಮ ಮನೆಯಲ್ಲಿ ಇದನ್ನು ವಿವರಿಸಿದ ದಿನ, ಹೊಸ ಪ್ರತಿಜ್ಞೆಗಳನ್ನು ಬರೆಯಲು ಕುಳಿತಿದ್ದ ಮಗಳು ಲೇಖನಿಯನ್ನು ಬದಿಗಿಟ್ಟು, ‘ಅಮ್ಮ, ನಾನು ಬರೆಯಬೇಕೆಂದಿದ್ದುದೂ ಇದನ್ನೇ’ ಎಂದಳು. ಕನ್ಯಾದಾನದ ವಿಷಯದಲ್ಲಿ ಅವಳ ಮಾತಿಗೆ ನಾನೂ ನನ್ನವರೂ ಒಪ್ಪಿದೆವು. ದಾನವಾಗಿ ಕೊಡಲು ಮಗಳು ವಸ್ತುವಲ್ಲವಷ್ಟೆ. ಧಾರೆಯ ನೀರನ್ನು ಎರಡೂ ಕಡೆಯ ತಾಯಿತಂದೆಯರು ಕೂಡಿ ಎರೆದು ಇಬ್ಬರನ್ನೂ ಹರಸುವುದೆಂದು ನಿಶ್ಚಯವಾಗಿದೆ.

ಮಕ್ಕಳ ಮದುವೆಯ ಸಿದ್ಧತೆಯಲ್ಲಿರುವ ತಾಯಂದಿರಿಗೆ ನನ್ನ ವಿನಂತಿಗಳು ಕೆಲವೇ. ಪ್ರತಿಯೊಂದು ವಿಧಿಯ ಅರ್ಥವನ್ನು ಕನ್ನಡ ಮತ್ತು ಇಂಗ್ಲಿಷಿನಲ್ಲಿ ಬರೆದ ಪುಟ್ಟ ಪುಸ್ತಿಕೆಯೊಂದನ್ನು ಅತಿಥಿಗಳ ಕೈಗಿಡಿ. ಬಾಡಿಗೆಯ ಪ್ಲಾಸ್ಟಿಕ್ ಮಂಟಪದ ಹಿಂದೆ ಹಸೆ ಚಿತ್ತಾರದ ಒಂದು ಹಾಳೆಯನ್ನಾದರೂ ಮನೆಯವರೇ ಬರೆದು ತೂಗುಹಾಕಿ. ಇಳಕಲ್ ಸೀರೆಯನ್ನೋ ಅಜ್ಜಿಯ ಮೈಸೂರು ರೇಷ್ಮೆಯನ್ನೋ ಒಂದು ಹೊತ್ತಿಗಾದರೂ ಉಡಿಸಿ. ಎಲ್ಲಕ್ಕಿಂತ ಮಿಗಿಲಾಗಿ, ನಿಮ್ಮ ತಾಯಿ ಅತ್ತೆಯರು ಹಾಡುವ ಹಸೆಯ ಹಾಡುಗಳನ್ನು ಅವರ ಕೊರಳಿನಲ್ಲಿಯೇ ಧ್ವನಿಮುದ್ರಿಸಿ ಇಡಿ. ಪುರೋಹಿತರ ಮಂತ್ರ ಪುಸ್ತಕದಲ್ಲಿದೆ, ಅದು ಎಲ್ಲಿಗೂ ಹೋಗದು. ಆ ಹಾಡುಗಳು ಇರುವುದು ಕೆಲವೇ ಹಿರಿಯರ ನೆನಪಿನಲ್ಲಿ. ನಮ್ಮ ತಲೆಮಾರು ಅವನ್ನು ಕೈಬಿಟ್ಟರೆ, ನಮ್ಮ ಮೊಮ್ಮಕ್ಕಳು ತಮ್ಮ ಮದುವೆಯನ್ನು ಎಷ್ಟು ಚೆಂದವಾಗಿ ರೂಪಿಸಿಕೊಂಡರೂ ಅದರಲ್ಲಿ ಕನ್ನಡದ ದನಿಯೊಂದು ಇರುವುದಿಲ್ಲ. ಈ ಸಮ್ಮೇಳನದಲ್ಲಿ ಭೇಟಿಯಾದಾಗ ನಿಮ್ಮ ಊರಿನ ಒಂದು ಹಸೆಯ ಹಾಡನ್ನು ನನಗೂ ಹೇಳಿಕೊಡಿ. ಮುಂದಿನ ವರ್ಷ ನಮ್ಮ ಮನೆಯಲ್ಲಿ ಅದನ್ನು ಹಾಡಿಸುತ್ತೇನೆ.