ಕೋವಿಯ ಮೇಲಿನ ಅಂಗೀಕಾರಮುದ್ರೆಗಳು: ಆನವಟ್ಟಿ ಸೀಮೆಯ ಇತಿಹಾಸಕ್ಕೆ ಒಂದು ಆಕರ

ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳು ಶಾಸನಸಂಪತ್ತಿಗೆ ಹೆಸರಾದವು. ಬಿ. ಎಲ್. ರೈಸ್ ಅವರು ‘ಎಪಿಗ್ರಾಫಿಯ ಕರ್ನಾಟಿಕ’ದ ಏಳನೆಯ ಸಂಪುಟದಲ್ಲಿ (1902) ಶಿಕಾರಿಪುರದ ಶಾಸನಗಳನ್ನೂ ಎಂಟನೆಯ ಸಂಪುಟದಲ್ಲಿ (1904) ಸೊರಬದ ಶಾಸನಗಳನ್ನೂ ಪ್ರಕಟಿಸಿದಂದಿನಿಂದ, ತಾಳಗುಂದದ ಕದಂಬ ಸ್ತಂಭವಾಗಲಿ ಆನವಟ್ಟಿಯ ನೆರೆಯ ಕುಬಟೂರಿನ ಕಲ್ಲುಗಳಾಗಲಿ ವಿದ್ವಾಂಸರಿಗೆ ಅಪರಿಚಿತವಾಗಿ ಉಳಿದಿಲ್ಲ. ಆದರೆ ಹದಿನೆಂಟನೆಯ ಶತಮಾನಕ್ಕೆ ಬರುವ ಹೊತ್ತಿಗೆ ಕಲ್ಲಿನ ಬರಹ ವಿರಳವಾಗುತ್ತದೆ. ಆ ಕಾಲದ ಪ್ರಭುತ್ವಗಳು ತಮ್ಮ ಗುರುತನ್ನು ಹೆಚ್ಚಾಗಿ ಕಾಗದದ ಮೇಲೆ, ನಾಣ್ಯದ ಮೇಲೆ, ಆಯುಧದ ಮೇಲೆ ಒತ್ತಿದುವು. ಕಾಗದವನ್ನೂ ನಾಣ್ಯವನ್ನೂ ನಮ್ಮ ಇತಿಹಾಸಕಾರರು ಓದಿದ್ದಾರೆ. ಆಯುಧವನ್ನು ಬಹುಮಟ್ಟಿಗೆ ನೋಡಿದ್ದಾರೆಯೇ ಹೊರತು ಓದಿಲ್ಲ. ಸೈನ್ಯದ ಹಳೆಯ ಕೋವಿಗಳ ಮೇಲಿನ ಪರೀಕ್ಷಕರ ಮುದ್ರೆಗಳು ಶಾಸನಗಳಂತೆಯೇ ಓದತಕ್ಕವು ಎಂಬುದನ್ನು ಪ್ರಕೃತ ಲೇಖನದಲ್ಲಿ ತೋರಿಸಲು ಯತ್ನಿಸುತ್ತೇವೆ.

ಮೊದಲು ಮುದ್ರೆಗಳ ಜಾತಿಭೇದವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಒಂದೇ ಕೋವಿಯ ಮೇಲೆ ನಾಲ್ಕು ಬಗೆಯ ಗುರುತುಗಳಿರಬಹುದು. ಮಾಡಿದವನು ಯಾರೆಂದು ಹೇಳುವುದು ತಯಾರಕನ ಮುದ್ರೆ. ಸೇವೆಯಲ್ಲಿ ತುಂಬುವುದಕ್ಕಿಂತ ಹೆಚ್ಚಿನ ಮದ್ದನ್ನು ತುಂಬಿ ಹಾರಿಸಿದಾಗಲೂ ನಳಿಗೆ ಸಿಡಿಯಲಿಲ್ಲವೆಂದು ಹೇಳುವುದು ಪರೀಕ್ಷಾಮುದ್ರೆ. ಅಳತೆಯೂ ಕೆಲಸವೂ ಒಪ್ಪಂದದ ಮಾದರಿಗೆ ಸರಿಯಾಗಿವೆ, ಆದುದರಿಂದ ಪ್ರಭುತ್ವವು ಇದನ್ನು ಸ್ವೀಕರಿಸಿದೆ ಎನ್ನುವುದು ಅಂಗೀಕಾರಮುದ್ರೆ. ಇದು ಯಾರ ಸೊತ್ತೆಂದು ಸಾರುವುದು ಸ್ವಾಮ್ಯಮುದ್ರೆ. ಇವುಗಳಲ್ಲಿ ಮೂರನೆಯದಕ್ಕೆ ವಿಶೇಷ ಮಹತ್ತ್ವವಿದೆ. ಪರೀಕ್ಷಕನು ಆ ಚಿಕ್ಕ ಅಚ್ಚನ್ನು ಹೊಡೆಯುವವರೆಗೆ ಕೋವಿಯ ನಷ್ಟವೆಲ್ಲ ಕಮ್ಮಾರನದು. ಹೊಡೆದ ಮೇಲೆ ಹೊಣೆ ಸರ್ಕಾರದ್ದು. ಅಕ್ಷರವರಿಯದ ಸಿಪಾಯಿಯು ತನ್ನ ಕೆನ್ನೆಯ ಪಕ್ಕದಲ್ಲಿ ಸಿಡಿಮದ್ದನ್ನು ಹೊತ್ತಿಸುವಾಗ ನಂಬಿದ್ದುದು ಈ ಹೊಣೆಯನ್ನೇ. ದಾನಶಾಸನದ ಕೊನೆಯ ರಾಜಮುದ್ರೆಗೂ ಇದಕ್ಕೂ ಸ್ವಭಾವತಃ ಹೆಚ್ಚಿನ ಅಂತರವಿಲ್ಲವೆಂದರೆ ತಪ್ಪಾಗಲಾರದು.

ಇನ್ನು ಆನವಟ್ಟಿ ಸೀಮೆಗೆ ಬರೋಣ. 1763ರಲ್ಲಿ ಹೈದರನು ಬಿದನೂರನ್ನು ಗೆದ್ದು ಅದಕ್ಕೆ ಹೈದರನಗರವೆಂದು ಹೆಸರಿಟ್ಟನು. ಮರುವರ್ಷವೇ ಪೇಶ್ವೆ ಮಾಧವರಾಯನು ಅವನ ಮೇಲೆ ಬಂದನು. 1764ರ ಮೇ ತಿಂಗಳಲ್ಲಿ ರಟ್ಟೀಹಳ್ಳಿಯಲ್ಲಿಯೂ ಡಿಸೆಂಬರಿನಲ್ಲಿ ಜಡೆ-ಆನವಟ್ಟಿಯ ಬಳಿಯಲ್ಲಿಯೂ ಹೈದರನ ಸೈನ್ಯಕ್ಕೆ ಸೋಲಾಯಿತು. 1765ರಲ್ಲಿ ಅವನು ಸಂಧಿ ಮಾಡಿಕೊಳ್ಳಬೇಕಾಯಿತು. ಈ ಸೋಲಿಗೆ ಆಯುಧಗಳೇ ಕಾರಣವೆಂದು ನಾವು ವಾದಿಸುವುದಿಲ್ಲ. ಆದರೆ ನಗರವನ್ನು ಉಳಿಸಿಕೊಳ್ಳುವುದು ಮೈಸೂರಿಗೆ ಎಷ್ಟು ಅಗತ್ಯವಾಗಿತ್ತೆಂಬುದಕ್ಕೆ ಈ ಯುದ್ಧವೇ ಸಾಕ್ಷಿ. ಅಲ್ಲಿ ಟಂಕಸಾಲೆಯ ಜೊತೆಗೆ ಆಯುಧಗಳನ್ನೂ ಮದ್ದುಗುಂಡುಗಳನ್ನೂ ತಯಾರಿಸುವ ದೊಡ್ಡ ಶಸ್ತ್ರಾಗಾರವು ಬೆಳೆಯಿತು. ನಗರದ ಹಾಳುಬಾವಿಯೊಂದರಿಂದ 2018ರಲ್ಲಿ ರಾಜ್ಯ ಪುರಾತತ್ತ್ವ ಇಲಾಖೆಯವರು ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್ಟುಗಳನ್ನು ಹೊರತೆಗೆದುದು ಆ ಶಸ್ತ್ರಸಂಗ್ರಹದ ಪ್ರಮಾಣವನ್ನು ಪ್ರತ್ಯಕ್ಷ ತೋರಿಸಿದೆ.

ಟೀಪುವಿನ ಕಾಲದಲ್ಲಿ ಮೈಸೂರಿನ ಕೋವಿಗಳ ಮೇಲೆ ಮುದ್ರೆಯ ಪದ್ಧತಿ ಪೂರ್ಣರೂಪಕ್ಕೆ ಬಂದಿತು. ಇಂದು ವಸ್ತುಸಂಗ್ರಹಾಲಯಗಳಲ್ಲಿ ಉಳಿದಿರುವ ಉತ್ತಮ ಮಾದರಿಗಳಲ್ಲಿ ಕುಶಲಕರ್ಮಿಯ ಹೆಸರು, ‘ಸರ್ಕಾರ್-ಇ-ಖುದಾದಾದ್’ ಎಂಬ ಪ್ರಭುತ್ವದ ಹೆಸರು, ತಯಾರಾದ ವರ್ಷ, ಶ್ರೀರಂಗಪಟ್ಟಣವನ್ನು ಸೂಚಿಸುವ ‘ಪಟನ್’ ಎಂಬ ಸ್ಥಳನಾಮ ಇವು ಕಾಣುತ್ತವೆ. ಇವುಗಳೊಡನೆ ‘ಬಬ್ರಿ’ ಎನಿಸಿದ ಹುಲಿಪಟ್ಟೆಯ ಗುರುತೂ ‘ಹೈದರ್’ ಎಂಬ ಹೆಸರಿನ ಅಚ್ಚೂ ಇರುತ್ತವೆ. ತಾಳಗುಂದದ ಸ್ತಂಭದಲ್ಲಿ ಕುಬ್ಜಕವಿಯು ತಾನೇ ಇದನ್ನು ಕಲ್ಲಿನ ಮೇಲೆ ಬರೆದನೆಂದು ತನ್ನ ಹೆಸರನ್ನು ಉಳಿಸಿದಂತೆ, ಅಸದ್ ಖಾನ್ ಮುಹಮ್ಮದ್, ಸೈಯದ್ ಮಾಸೂಮ್ ಮೊದಲಾದ ಕರ್ಮಿಗಳ ಹೆಸರುಗಳೂ ಕಬ್ಬಿಣದ ಮೇಲೆ ಉಳಿದಿವೆ. ಕುಶಲಕರ್ಮಿಯ ಹೆಸರನ್ನು ಅರಸನ ಕಥೆಯಲ್ಲಿ ಕಾಣುವುದು ಅಪರೂಪ. ಅದನ್ನು ಕಾಪಾಡಿದುದು ತಪಾಸಣೆಯ ಪದ್ಧತಿ.

ಇಲ್ಲಿ ಓದುಗನು ಎಡವಬಹುದಾದ ಒಂದು ಸ್ಥಳವಿದೆ. ಟೀಪು ಬಳಕೆಗೆ ತಂದ ಮೌಲೂದಿ ಶಕೆಯು ಪ್ರವಾದಿಯ ಜನನದಿಂದ ಎಣಿಸುವಂಥದು, ಹಿಜರಿಯಂತೆ ವಲಸೆಯಿಂದಲ್ಲ. ಅಲ್ಲದೆ ಅವನ ಕಾಲದ ಈ ವರ್ಷಗಳ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆದಿದೆ. 1224 ಎಂಬ ವರ್ಷವು ಎಡದಿಂದ ಓದುವವನಿಗೆ 4221 ಎಂದು ತೋರುತ್ತದೆ. ಸರಿಯಾಗಿ ಓದಿದರೂ ಅದನ್ನು ಹಿಜರಿಯೆಂದು ಭಾವಿಸಿದರೆ ಕ್ರಿ. ಶ. 1809-10 ಎಂಬ ಅಸಂಗತ ಕಾಲ ಬರುತ್ತದೆ. ಆ ವೇಳೆಗೆ ಟೀಪು ಮಡಿದು ಹತ್ತು ವರ್ಷಗಳಾಗಿದ್ದುವು. ಮೌಲೂದಿಯೆಂದು ಗಣಿಸಿದರೆ 1796-97 ಎಂಬ ಯುಕ್ತವಾದ ಕಾಲ ದೊರೆಯುತ್ತದೆ. ಶಾಸನದ ತಿಥಿನಿರ್ಣಯದಲ್ಲಿ ಬೇಕಾಗುವ ಎಚ್ಚರವೇ ಇಲ್ಲಿಯೂ ಬೇಕೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಎದುರು ಪಕ್ಷದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಮುದ್ರೆಯಿತ್ತು. ಹೃದಯಾಕಾರದೊಳಗೆ ನಾಲ್ಕು ಭಾಗಗಳು, ಅವುಗಳಲ್ಲಿ ‘ವಿ, ಇ, ಐ, ಸಿ’ ಎಂಬ ನಾಲ್ಕು ಅಕ್ಷರಗಳು, ಮೇಲೆ ನಾಲ್ಕರ ಅಂಕಿಯಂತಹ ಒಂದು ಚಿಹ್ನೆ. ಇದು ಮೊದಲು ವ್ಯಾಪಾರದ ಮೂಟೆಗಳ ಮೇಲೆ ಹಾಕುತ್ತಿದ್ದ ಗುರುತು. ಅದೇ ಕೋವಿಗಳ ಪಕ್ಕದ ಫಲಕಕ್ಕೂ ಏರಿತು. ವ್ಯಾಪಾರಿಯು ಪ್ರಭುವಾದ ಕಥೆಯನ್ನು ಇಷ್ಟು ಸಂಕ್ಷೇಪವಾಗಿ ಹೇಳುವ ಬೇರೊಂದು ದಾಖಲೆ ನಮಗೆ ತೋರುವುದಿಲ್ಲ. ಕಂಪನಿಯ ಕೋವಿಗಳು ಖಾಸಗಿ ತಯಾರಕರಿಂದ ಗುತ್ತಿಗೆಯ ಮೇಲೆ ಬರುತ್ತಿದ್ದುವಾದ ಕಾರಣ ಪರೀಕ್ಷಕನ ಸ್ಥಾನ ಮುಖ್ಯವಾಗಿತ್ತು. 1790ರ ದಶಕದಲ್ಲಿ ಫ್ರಾನ್ಸಿನೊಡನೆ ಯುದ್ಧ ಬಂದಾಗ ಬ್ರಿಟಿಷ್ ಸರ್ಕಾರವೇ ಕಂಪನಿಗಾಗಿ ಸಿದ್ಧವಾಗಿದ್ದ ಕೋವಿಗಳನ್ನು ಕೊಂಡಿತು. 39 ಅಂಗುಲ ನಳಿಗೆಯ ಆ ಮಾದರಿಯನ್ನು 1797ರಲ್ಲಿ ತನ್ನದಾಗಿ ಮಾಡಿಕೊಂಡಿತು. ಭಾರತದ ಅಗತ್ಯಕ್ಕಾಗಿ ರೂಪುಗೊಂಡ ಆಯುಧವು ಹೀಗೆ ಯೂರೋಪಿನ ರಣರಂಗಕ್ಕೂ ಹೋಯಿತು.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಸೆರೆಯಿಂದ ಹೊರಬಂದ ಚನ್ನಗಿರಿಯ ಧೋಂಡಿಯ ವಾಘನು, ಚದರಿಹೋದ ಟೀಪುವಿನ ಸೈನಿಕರನ್ನು ಕೂಡಿಸಿಕೊಂಡು ಬಿದನೂರು ಸೀಮೆಯಲ್ಲಿ ತಲೆಯೆತ್ತಿದನು. ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ ಶಿಕಾರಿಪುರದ ಬಳಿ ಕಂಪನಿಯ ಪಡೆಗಳು ಅವನನ್ನು ಸೋಲಿಸಿ ಉತ್ತರಕ್ಕೆ ಅಟ್ಟಿದುವು; 1800ರ ಸೆಪ್ಟೆಂಬರ್ 10ರಂದು ಕೋನಗಲ್ಲಿನಲ್ಲಿ ಆರ್ಥರ್ ವೆಲ್ಲೆಸ್ಲಿಯ ಸೈನ್ಯದೊಡನೆ ಕಾದಿ ಅವನು ಮಡಿದನು. ಹುಲಿಪಟ್ಟೆಯ ಕೋವಿಯೂ ಹೃದಯಮುದ್ರೆಯ ಕೋವಿಯೂ ಈ ನೆಲದಲ್ಲಿ ಪರಸ್ಪರ ಎದುರಾಗಿರಬೇಕೆಂದು ಊಹಿಸುವುದು ಸಹಜ. ಒಂದರ ಹಿಂದೆ ಹೊಣೆ ಹೊತ್ತ ಪ್ರಭುತ್ವವು ಆಗಲೇ ಅಳಿದಿತ್ತು. ಇನ್ನೊಂದರ ಹಿಂದಿನದು ಬೆಳೆಯುತ್ತಿತ್ತು.

ಅನಂತರದ ಮುದ್ರೆಗಳು ಪ್ರಭುತ್ವದ ಬದಲಾವಣೆಯನ್ನು ಕ್ರಮವಾಗಿ ಸೂಚಿಸುತ್ತವೆ. 1808ರ ಸುಮಾರಿಗೆ ಹೃದಯಮುದ್ರೆಯ ಸ್ಥಾನದಲ್ಲಿ ಕಿರೀಟವನ್ನು ಹಿಡಿದು ನಿಂತ ಸಿಂಹವು ಬಂದಿತು. 1858ರಲ್ಲಿ ಕಂಪನಿಯ ಆಳಿಕೆ ಮುಗಿದ ಬಳಿಕ ಭಾರತದ ಸೈನ್ಯದ ಸೊತ್ತಿಗೆ ಬಾಣದ ಗುರುತಿನೊಡನೆ ‘ಐ’ ಅಕ್ಷರ ಬಿದ್ದಿತು. ಇಪ್ಪತ್ತನೆಯ ಶತಮಾನದಲ್ಲಿ ಬಂಗಾಳದ ಇಛಾಪುರದ ಕಾರ್ಖಾನೆಯ ಬಂದೂಕುಗಳು ಮೊದಲು ಕಿರೀಟವನ್ನೂ, ಗಣರಾಜ್ಯದ ಕಾಲದಲ್ಲಿ ಅಶೋಕಸ್ತಂಭದ ಸಿಂಹಗಳನ್ನೂ ಧರಿಸಿದುವು. ಸೇವೆಯಿಂದ ಹೊರಹಾಕಿ ಮಾರಿದ ಬ್ರಿಟಿಷ್ ಆಯುಧಕ್ಕೆ ತುದಿಗೆ ತುದಿ ತಾಗಿಸಿದ ಎರಡು ಬಾಣಗಳ ಗುರುತು ಬೀಳುತ್ತಿತ್ತು. ಹೊಣೆಯನ್ನು ಸ್ವೀಕರಿಸಲು ಒಂದು ಮುದ್ರೆಯಿದ್ದಂತೆ, ಹೊಣೆಯಿಂದ ಬಿಡುಗಡೆ ಹೊಂದಲೂ ಒಂದು ಮುದ್ರೆಯಿತ್ತೆಂಬುದು ಗಮನಾರ್ಹ.

ಹೀಗಿದ್ದರೂ ಮುದ್ರೆಯನ್ನು ಕಂಡಕೂಡಲೆ ನಂಬುವುದು ಯುಕ್ತವಲ್ಲ. ತಾಮ್ರಪಟಗಳಲ್ಲಿ ಕೂಟಶಾಸನಗಳಿರುವಂತೆ ಕೋವಿಗಳಲ್ಲಿಯೂ ಕೂಟಮುದ್ರೆಗಳಿವೆ. ವಾಯವ್ಯ ಗಡಿಯ ಖೈಬರ್ ಪ್ರದೇಶದ ಕಮ್ಮಾರರು ಬ್ರಿಟಿಷ್ ಬಂದೂಕುಗಳನ್ನು ಅನುಕರಿಸುವಾಗ ಮುದ್ರೆಗಳನ್ನೂ ಕೆತ್ತಿದರು. ತಿರುಗುಮುರುಗಾದ ಅಕ್ಷರಗಳೂ ತಪ್ಪು ಕಾಗುಣಿತವೂ ಅವರ ಕೈಯನ್ನು ಬಯಲುಮಾಡುತ್ತವೆ. ಅಲ್ಲದೆ ನಳಿಗೆ ಒಂದು ಕಾಲದ್ದು, ಫಲಕ ಇನ್ನೊಂದು ಕಾಲದ್ದು, ಮರದ ಹಿಡಿ ಊರಿನ ಬಡಗಿಯದು ಆಗಿರಬಹುದು. ಆದುದರಿಂದ ಪ್ರತಿಯೊಂದು ಭಾಗದ ಗುರುತನ್ನೂ ಪ್ರತ್ಯೇಕವಾಗಿ ಓದಿ, ಅವು ಪರಸ್ಪರ ಹೊಂದುವುವೇ ಎಂದು ನೋಡಬೇಕು. ಮುದ್ರೆಯು ಆಯುಧದ ಹುಟ್ಟನ್ನೂ ಒಡೆತನವನ್ನೂ ಹೇಳೀತು. ಅದನ್ನು ಯಾರು ಯಾರ ಮೇಲೆ ಹಾರಿಸಿದರೆಂಬುದನ್ನು ಹೇಳದು. ಇತಿಹಾಸಕಾರನು ಆ ಮಿತಿಯನ್ನು ದಾಟಕೂಡದು.

ಈ ವಿಷಯವನ್ನು ಈಗ ಎತ್ತುವುದಕ್ಕೆ ಕಾರಣವಿದೆ. ಮಲೆನಾಡಿನಲ್ಲಿ ಬೆಳೆರಕ್ಷಣೆಗಾಗಿ ಪರವಾನಗಿ ಪಡೆದ ಕೋವಿಗಳು ಇಂದಿಗೂ ರೈತರ ಮನೆಗಳಲ್ಲಿವೆ. ಅವುಗಳಲ್ಲಿ ಬಹುಪಾಲು ಈಚಿನವು. ಆದರೆ ಹಳೆಯ ನಳಿಗೆಯೋ ಫಲಕವೋ ಅವುಗಳ ನಡುವೆ ಸೇರಿರುವುದು ಅಸಂಭವವಲ್ಲ. ಪರವಾನಗಿ ಮುಂದುವರಿಯದಿದ್ದಾಗ ಕೋವಿಯನ್ನು ಒಪ್ಪಿಸಬೇಕಾಗುತ್ತದೆ. ಹಾಗೆ ಒಪ್ಪಿಸಿದುದು ಕೊನೆಗೆ ಲೋಹದ ಚೂರಾಗಬಹುದು. ಮನೆಯಲ್ಲಿ ಉಳಿದುದನ್ನು ಹಬ್ಬಕ್ಕೆ ಮರಳುಕಾಗದದಿಂದ ಉಜ್ಜಿ ಹೊಳಪಿಡುವುದರಿಂದಲೂ ಅಷ್ಟೇ ಹಾನಿ. ಅರ್ಧ ಅಂಗುಲದ ಶಾಸನವು ಒಂದೇ ಬೆಳಗಿನಲ್ಲಿ ಅಳಿದುಹೋಗುತ್ತದೆ. 1959ರ ಆಯುಧ ಅಧಿನಿಯಮವು ಕೋವಿಯ ಗುರುತುಗಳನ್ನು ಅಳಿಸುವುದನ್ನೂ ತಿದ್ದುವುದನ್ನೂ ಅಪರಾಧವೆಂದು ನಿಷೇಧಿಸಿದೆ. ಆ ಕಾನೂನಿನ ಉದ್ದೇಶ ಅಪರಾಧಪತ್ತೆ. ಅದರ ಫಲ ಇತಿಹಾಸಕ್ಕೂ ದೊರೆಯಲಿ ಎಂಬುದು ನಮ್ಮ ಆಶಯ.

ಆಗಬೇಕಾದ ಕೆಲಸ ದೊಡ್ಡದೇನಲ್ಲ. ವೀರಗಲ್ಲುಗಳ ಪಡಿಯಚ್ಚು ತೆಗೆಯಲು ಕಲಿತ ವಿದ್ಯಾರ್ಥಿಯು ಫಲಕದ ಮೇಲೆ ತೆಳುಕಾಗದವನ್ನಿಟ್ಟು ಸೀಸದ ಕಡ್ಡಿಯಿಂದ ಉಜ್ಜಿ ಮುದ್ರೆಯನ್ನು ಪಡೆಯಬಲ್ಲನು. ಪರವಾನಗಿದಾರರ ಒಪ್ಪಿಗೆಯಿಂದ, ಪೋಲೀಸ್ ಅಧಿಕಾರಿಗಳ ಸಮಕ್ಷಮದಲ್ಲಿ, ಕೋವಿ ಬರಿದಾಗಿದೆಯೆಂದು ಅವರು ನಿಶ್ಚಯಿಸಿಕೊಟ್ಟ ಮೇಲೆಯೇ ಇದನ್ನು ಮಾಡಬೇಕು. ನಳಿಗೆಯ ಉದ್ದ, ಒಳವ್ಯಾಸ, ಮುದ್ರೆಯಿರುವ ಸ್ಥಳ, ಮುದ್ರೆಯ ಅಳತೆ ಇವನ್ನು ಬರೆದಿಟ್ಟುಕೊಳ್ಳಬೇಕು; ಮನೆಯವರ ಹೆಸರನ್ನು ಪ್ರಕಟಿಸಬೇಕಾದ ಅಗತ್ಯವಿಲ್ಲ. ಚುನಾವಣೆಯ ಕಾಲದಲ್ಲಿ ಕೋವಿಗಳು ಠಾಣೆಗಳಲ್ಲಿ ಒಟ್ಟುಗೂಡುವುದರಿಂದ ಆ ಸಂದರ್ಭವು ಈ ಕೆಲಸಕ್ಕೆ ಅನುಕೂಲ. ಸೊರಬ, ಶಿಕಾರಿಪುರಗಳ ಕಾಲೇಜುಗಳು ಇದನ್ನು ಕೈಗೊಂಡರೆ, ಕಲ್ಲಿನ ಶಾಸನಗಳು ನಿಲ್ಲುವಲ್ಲಿಂದ ಮುಂದಿನ ಶತಮಾನಗಳಿಗೆ ಈ ಸೀಮೆಯಲ್ಲಿಯೇ ಒಂದು ಹೊಸ ಆಕರಶ್ರೇಣಿ ದೊರೆಯುವುದೆಂದು ನಾವು ನಂಬುತ್ತೇವೆ.