ಪದವಿಯ ದಿನದವರೆಗಿನ ಒಲವು: ಜಪಾನಿನ ‘ಎಸ್’ ಕಥೆಗಳ ಹಿನ್ನೆಲೆ

ಪ್ರತಿಯೊಂದು ಪ್ರಾಂತದಲ್ಲೂ ಹೆಣ್ಣುಮಕ್ಕಳಿಗೆ ಕನಿಷ್ಠ ಒಂದು ಪ್ರೌಢಶಾಲೆ ಇರಬೇಕೆಂದು 1899ರಲ್ಲಿ ಆಜ್ಞೆ ಹೊರಡಿಸಿದ ಜಪಾನಿನ ಮೇಜಿ ಸರಕಾರದ ಮುಂದಿದ್ದುದು ‘ರ್ಯೋಸಾಯ್ ಕೆನ್ಬೊ’, ಎಂದರೆ ಒಳ್ಳೆಯ ಹೆಂಡತಿ ಹಾಗೂ ವಿವೇಕವಂತ ತಾಯಿ ಎಂಬ ಆದರ್ಶ. ಆದರೆ ಹದಿಹರೆಯದವರನ್ನು ಗಂಡುಮಕ್ಕಳಿಂದ ದೂರವಿಟ್ಟು ಓದಿಸಿದ ಈ ಶಾಲೆಗಳು ಬಾಲ್ಯಕ್ಕೂ ಮದುವೆಗೂ ನಡುವೆ ಕೆಲವು ವರ್ಷಗಳ ಬಿಡುವನ್ನು ಅವರಿಗೆ ಒದಗಿಸಿದವು. ಹಿರಿಯ ತರಗತಿಯವಳು ಕಿರಿಯಳೊಬ್ಬಳನ್ನು ಆರಿಸಿಕೊಂಡು, ಅವಳೊಡನೆ ಗುಟ್ಟಾಗಿ ಪತ್ರ, ಉಡುಗೊರೆಗಳನ್ನು ವಿನಿಮಯ ಮಾಡಿಕೊಳ್ಳುವ ಪದ್ಧತಿ ಅಲ್ಲಿ ಬೇರೂರಿತು. ‘ಸಿಸ್ಟರ್’ ಎಂಬುದರ ಮೊದಲಕ್ಷರ ಹಿಡಿದು ‘ಎಸ್’ ಎಂದು ಕರೆಯಲಾದ ಈ ಸಂಬಂಧವೇ, 1908ರಲ್ಲಿ ಆರಂಭವಾದ ‘ಶೋಜೋ ನೊ ತೊಮೊ’ದಂಥ ಹುಡುಗಿಯರ ಮಾಸಪತ್ರಿಕೆಗಳಲ್ಲಿ ಒಂದು ಕಥಾಪ್ರಕಾರವಾಗಿ ಬೆಳೆಯಿತು.

ಆ ಪ್ರಕಾರಕ್ಕೆ ಖಚಿತ ರೂಪ ಕೊಟ್ಟವಳು ಯೋಶಿಯಾ ನೊಬುಕೊ (1896–1973). ಇಪ್ಪತ್ತರ ಹರೆಯದಲ್ಲಿ, 1916ರಲ್ಲಿ, ‘ಶೋಜೋ ಗಾಹೋ’ ಪತ್ರಿಕೆಯಲ್ಲಿ ಆಕೆ ಆರಂಭಿಸಿದ ‘ಹಾನಾ ಮೊನೊಗತಾರಿ’, ಅಂದರೆ ಹೂವಿನ ಕಥೆಗಳು, ಮುಂದೆ 52 ಕಥೆಗಳ ಮಾಲೆಯಾಯಿತು. ಒಂದೊಂದು ಕಥೆಗೂ ಒಂದೊಂದು ಹೂವಿನ ಹೆಸರು. ಇವುಗಳಲ್ಲಿನ ಒಲವು ಬಹುಮಟ್ಟಿಗೆ ಕಾಯಿಲೆ, ಊರು ಬಿಡುವಿಕೆ, ಮದುವೆ ಇವುಗಳಲ್ಲೊಂದಕ್ಕೆ ಬಲಿಯಾಗುತ್ತದೆ. ವಿಮರ್ಶಕರು ಇದನ್ನು ಭಾವಾತಿರೇಕವೆಂದು ತಳ್ಳಿಹಾಕಿದ್ದುಂಟು. ಆದರೆ ಅಗಲಿಕೆಯು ಇಲ್ಲಿ ಕೇವಲ ಶೈಲಿಯ ಚಟವಲ್ಲ, ಸಮಾಜ ವಿಧಿಸಿದ ಷರತ್ತು. 1911ರಲ್ಲಿ ನೀಗಾತಾದ ಕಡಲ ತೀರದಲ್ಲಿ ಶಾಲೆ ಮುಗಿಸಿದ್ದ ಇಬ್ಬರು ಯುವತಿಯರು ಜೊತೆಯಾಗಿ ಪ್ರಾಣ ಕಳೆದುಕೊಂಡ ಬಳಿಕ ವೃತ್ತಪತ್ರಿಕೆಗಳೂ ಲೈಂಗಿಕ ವಿಜ್ಞಾನದ ಪಂಡಿತರೂ ಇಂಥ ಒಲವನ್ನು ‘ನಿರ್ಮಲ ಸ್ನೇಹ’ವೆಂದೂ ‘ವಿಕಾರ’ವೆಂದೂ ಸೀಳಿ ನೋಡತೊಡಗಿದ್ದರು, ಪದವಿಯ ದಿನಕ್ಕೆ ಮುಗಿಯುವುದು ಮೊದಲನೆಯದು, ಮುಗಿಯಲೊಲ್ಲದ್ದು ಎರಡನೆಯದು ಎಂಬುದೇ ಆ ವಿಂಗಡಣೆಯ ತಿರುಳು.

ಈ ಷರತ್ತನ್ನು ಒಪ್ಪದೆ ಯೋಶಿಯಾ 1920ರಲ್ಲಿ ಪ್ರಕಟಿಸಿದ ಕಾದಂಬರಿ ‘ಯಾನೆಉರಾ ನೊ ನಿಶೋಜೋ’. ವಸತಿನಿಲಯದ ಅಟ್ಟದ ಕೋಣೆಯಲ್ಲಿ ನೆರೆಯವರಾದ ಇಬ್ಬರು ಹುಡುಗಿಯರು ಕೊನೆಗೆ ಜೊತೆಯಾಗಿ ಬಾಳಲು ನಿರ್ಧರಿಸುವ ಕಥೆ ಅದು. ಲೇಖಕಿಯ ಬದುಕೂ ಅದೇ ಹಾದಿ ಹಿಡಿಯಿತು: 1923ರಲ್ಲಿ ಪರಿಚಯವಾದ ಗಣಿತ ಶಿಕ್ಷಕಿ ಮೊನ್ಮಾ ಚಿಯೊಳೊಡನೆ ಕೊನೆಯವರೆಗೂ ಬಾಳಿದ ಆಕೆ, ಅವರಿಬ್ಬರ ಬಾಂಧವ್ಯಕ್ಕೆ ಕಾನೂನಿನಲ್ಲಿ ಬೇರೆ ಹೆಸರಿಲ್ಲದ ಕಾರಣ 1957ರಲ್ಲಿ ಅವಳನ್ನು ದತ್ತು ಪಡೆದಳು.

ಮುಂದೆ ನೊಬೆಲ್ ಪಡೆದ ಕವಾಬಾತಾ ಯಾಸುನಾರಿಯ ಹೆಸರಿನಲ್ಲಿ 1937–38ರಲ್ಲಿ ‘ಶೋಜೋ ನೊ ತೊಮೊ’ದಲ್ಲಿ ಧಾರಾವಾಹಿಯಾದ ‘ಒತೊಮೆ ನೊ ಮಿನಾತೊ’ ಕೂಡ ಯೊಕೊಹಾಮಾದ ಮಿಷನರಿ ಶಾಲೆಯಲ್ಲಿ ನಡೆಯುವ ‘ಎಸ್’ ಕಥೆ. ಅದರ ಕರಡನ್ನು ಬರೆದವಳು ನಕಾಜಾತೊ ತ್ಸುನೆಕೊ ಎಂಬ ಲೇಖಕಿಯೆಂಬುದು ತಡವಾಗಿ ಬೆಳಕಿಗೆ ಬಂತು. ಅದಕ್ಕೆ ಚಿತ್ರ ಬರೆದ ನಕಾಹಾರಾ ಜುನಿಚಿಯ ವಿಶಾಲ ಕಣ್ಣಿನ ನಾಜೂಕಿನ ಹುಡುಗಿಯರು ಯುದ್ಧಕಾಲಕ್ಕೆ ತಕ್ಕವರಲ್ಲವೆಂಬ ಒತ್ತಡದಿಂದ 1940ರಲ್ಲಿ ಪತ್ರಿಕೆ ಅವನನ್ನು ಕೈಬಿಟ್ಟಿತು.

ಯುದ್ಧಾನಂತರ, 1947ರ ಶಿಕ್ಷಣ ಸುಧಾರಣೆಯಿಂದ ಸಹಶಿಕ್ಷಣ ಹರಡಿದಂತೆ ಈ ಕಥೆಗಳ ನೆಲೆಯೇ ಕುಗ್ಗಿತು. ‘ಶೋಜೋ ನೊ ತೊಮೊ’ 1955ರಲ್ಲಿ ನಿಂತುಹೋಯಿತು. ಕೊನ್ನೊ ಒಯುಕಿಯ ‘ಮಾರಿಯಾಸಮಾ ಗಾ ಮಿತೇರು’ 1998ರಲ್ಲಿ ಹಿರಿಯಳು ಕಿರಿಯಳಿಗೆ ಜಪಮಾಲೆ ಕೊಟ್ಟು ತಂಗಿಯಾಗಿಸಿಕೊಳ್ಳುವ ಕ್ಯಾಥೊಲಿಕ್ ಶಾಲೆಯನ್ನು ಚಿತ್ರಿಸಿ ಹಳೆಯ ಪದ್ಧತಿಗೆ ಹೊಸ ಓದುಗರನ್ನು ಗಳಿಸಿಕೊಟ್ಟಿತಾದರೂ, ಅದು ಮುಂದುವರಿಸಿದ್ದು ‘ಹಾನಾ ಮೊನೊಗತಾರಿ’ಯ ಶಾಲಾ ಆವರಣವನ್ನೇ ಹೊರತು ಅಟ್ಟದ ಕೋಣೆಯ ಹುಡುಗಿಯರ ನಿರ್ಧಾರವನ್ನಲ್ಲ.